ಅಕ್ಕನ ಮಾತು

ತಂಗಿ ಅಕ್ಕನ ತಲೆ ಬಾಚುತ್ತಿದ್ದಳು. ಹೆಣ ಎಂದುಕೊಳ್ಳಲು ಮನಸ್ಸು ಬಾರದೆ, "ಸ್ವಲ್ಪ ತಲೆ ಎತ್ತೇ" ಎಂದು ಬಾಯಿತಪ್ಪಿ ಅಂದುಬಿಟ್ಟಳು. ಹೊರಗಿನ ಕೋಣೆಯಲ್ಲಿ ಭಾವನ ಸುತ್ತ ಕೂತವರ ಮಾತು ಅಕ್ಕನ ಕಾಯಿಲೆಯಿಂದ ಪೇಪರಿನ ಸುದ್ದಿಗೆ ಜಾರಿತ್ತು.

"ಆ ದೇಶ ಇನ್ನೂ ಹೊತ್ತಿ ಉರೀತಿದೆಯಲ್ರೀ," ಎಂದರು ಔಷಧಿ ಅಂಗಡಿಯವರು. "ಸರ್ವಾಧಿಕಾರಿ ಸತ್ತು ಎಷ್ಟು ವರ್ಷ ಆಯ್ತು, ನೆಮ್ಮದಿ ಮಾತ್ರ ಬರ್ಲಿಲ್ಲ."

"ನಾನು ಆಗ್ಲೇ ಹೇಳಿದ್ದೆ," ಎಂದರು ಭಾವ. "ಸೂಪರ್‌ವೈಸರ್ ಎಷ್ಟೇ ನೀಚ ಆಗಿರ್ಲಿ, ಅವನನ್ನ ಓಡಿಸ್ತೀವಿ ಅಂತ ಹೊರಗಿನವರು ಬಂದು ಶೆಡ್ಡಿಗೇ ಬೆಂಕಿ ಇಟ್ರೆ, ಒಳಗೆ ಬೇಯೋರು ಯಾರು?"

ತಂಗಿಯ ಕೈ ನಿಂತಿತು. ಭಾವ ಬದುಕಿಡೀ ಬ್ಯಾಂಕಿನ ಕುರ್ಚಿಯಲ್ಲಿ ಕೂತವರು. ಅವರಿಗೆ ಎಲ್ಲಿಯ ಶೆಡ್ಡು?

*

ಅಕ್ಕ ಬಟ್ಟೆ ಕಾರ್ಖಾನೆಯ ಶೆಡ್ಡಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಆ ದೇಶದ ಮೇಲೆ ಯುದ್ಧ ಶುರುವಾದ ದಿನ ಮನೆ ತುಂಬ ಜನ. ಟೀವಿಯಲ್ಲಿ ಪರದೇಶದ ವಿಮಾನಗಳು ಬಾಂಬು ಸುರಿಸಿದಾಗಲೆಲ್ಲ ಭಾವ ಚಪ್ಪಾಳೆ ಹೊಡೆಯುತ್ತಿದ್ದರು. ಆ ಸರ್ವಾಧಿಕಾರಿ ಜೈಲಿಗೆ ತಳ್ಳಿದ ಹೆಂಗಸರ ಸುದ್ದಿ ಕೇಳಿ ಊಟ ಬಿಟ್ಟವಳು ಅಕ್ಕ. ಬೆಳಿಗ್ಗೆ ಅವಳಿಗೂ ಖುಷಿಯಾಗಿತ್ತು. ಆದರೆ ಮಿಷನ್ ಮುಂದೆ ದಿನವಿಡೀ ಅದನ್ನೇ ಮಗುಚಿ ಹಾಕಿದ್ದಳೋ ಏನೋ, ಸಂಜೆ ಬಂದವಳು ಟೀವಿ ಪಕ್ಕ ನಿಂತು, "ಅವನು ಹಾಳಾಗಿ ಹೋಗ್ಲಿ. ಆದ್ರೆ..." ಎಂದು ಇದೇ ಶೆಡ್ಡಿನ ಮಾತು ಆಡಿದಳು. "ಅವನನ್ನ ಇಳಿಸ್ಬೇಕಾದೋರು ಅಲ್ಲಿನ ಜನ. ಅವರನ್ನ ಯಾರಾದ್ರೂ ಕೇಳಿದ್ರಾ?"

"ಕಾಲರ್ ಹೊಲಿಯೋಳು ಲೋಕಕ್ಕೇ ತೇಪೆ ಹಾಕೋಕೆ ಬಂದ್ಲಪ್ಪ! ನಡಿ ಒಳಗೆ," ಎಂದರು ಭಾವ.

ಮನೆಯೆಲ್ಲ ನಕ್ಕಿತು. ಅಕ್ಕ ಎಂಜಲು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ನಾಲ್ಕು ಜನರ ಮುಂದೆ ಅವಳು ಇಂಥ ವಿಷಯಕ್ಕೆ ಬಾಯಿ ಬಿಟ್ಟಿದ್ದನ್ನು ಯಾರೂ ಕಾಣಲಿಲ್ಲ.

*

ತಂಗಿ ಬಾಗಿಲಿಗೆ ಬಂದಳು. "ಭಾವ, ಅದು ಅಕ್ಕ ಹೇಳಿದ್ದು."

"ಯಾವಾಗ?" ಅವರ ಮುಖದಲ್ಲಿ ಕಳ್ಳತನವಿರಲಿಲ್ಲ. ನಿಜಕ್ಕೂ ಮರೆತಿದ್ದರು.

"ಯುದ್ಧ ಶುರುವಾದ ದಿನ. ಇಲ್ಲೇ ನಿಂತ್ಕೊಂಡು."

ಔಷಧಿ ಅಂಗಡಿಯವರು ತಲೆ ತಗ್ಗಿಸಿದರು. ಭಾವ ಎದ್ದು ಬಾಗಿಲ ಹತ್ತಿರ ಬಂದು ದನಿ ಇಳಿಸಿದರು.

"ನಾನೇನಂದೆ ಆಗ?"

"ನಡಿ ಒಳಗೆ ಅಂದ್ರಿ."

"ನೀನಾದ್ರೂ ಅವಳ ಪರ ಒಂದು ಮಾತಾಡಿದ್ಯೇನಮ್ಮ?"

"ಇಲ್ಲ ಭಾವ. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನಾನೇ."

ಬೀದಿಯಲ್ಲಿ ಶವದ ಗಾಡಿ ಬಂದು ನಿಂತಿತು. ಕೊನೆಯ ಸಲ ಮುಖ ನೋಡೋರು ನೋಡ್ಕೊಳ್ಳಿ ಎಂದು ಯಾರೋ ಕೂಗಿದರು. ಅವರಿಬ್ಬರೂ ಹೊಸ್ತಿಲಿನ ಆಚೆಗೊಬ್ಬರು ಈಚೆಗೊಬ್ಬರು ಗೋಡೆಗೆ ಒತ್ತಿಕೊಂಡು, ಅಕ್ಕನ ಹತ್ತಿರ ನೀವು ಮೊದಲು ಹೋಗಿ ಎಂಬಂತೆ, ಒಬ್ಬರಿಗೊಬ್ಬರು ದಾರಿ ಬಿಟ್ಟು ನಿಂತೇ ಇದ್ದರು.