ಬಾಗಿಲು ತಡೆದ ಗೊಂಬೆ

ಪುಣೆಯ ಒಂದು ದೊಡ್ಡ ಬಟ್ಟೆಯಂಗಡಿಯ ಬಾಗಿಲಲ್ಲಿ ಒಂದು ಬಿಳಿ ಯಂತ್ರದ ಗೊಂಬೆ ನಿಂತಿರುತ್ತದೆ. ಎದೆಮಟ್ಟದ ಎತ್ತರ, ಕಾಲಿನ ಬದಲು ಗಾಲಿ, ನಮಸ್ಕಾರ ಮಾಡಲು ಎರಡು ಕೈ. ಬಂದವರಿಗೆ ಸೀರೆ ಎಲ್ಲಿ, ಪ್ಯಾಂಟು ಎಲ್ಲಿ ಎಂದು ದಾರಿ ತೋರಿಸುತ್ತದೆ. ಯಾರಾದರೂ ಕದಿಯುವ ಹಾಗೆ ಕಂಡರೆ ಅವರ ಹಿಂದೆ ಹಿಂದೆ ಹೋಗುತ್ತದೆ. ನೋಡಿದವರು ಕಾಲ ಎಷ್ಟು ಮುಂದೆ ಹೋಯಿತಪ್ಪಾ ಎಂದು ಬಾಯಿ ಬಿಡುತ್ತಾರೆ. ಆ ಗೊಂಬೆಯ ಬುದ್ಧಿ ಕೈಕೊಟ್ಟಾಗ ಅದನ್ನು ನಡೆಸುವವಳು ಮುದ್ದೇಬಿಹಾಳದ ಬಸ್ ಸ್ಟ್ಯಾಂಡ್ ಎದುರು, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಕುಳಿತಿದ್ದಾಳೆ ಎಂದು ಅವರಿಗೆ ಗೊತ್ತಿಲ್ಲ. ಅವಳೇ ನಾನು, ಭಾಗ್ಯಾ.

ನಮ್ಮ ಕೋಣೆಯಲ್ಲಿ ಎಂಟು ಕಂಪ್ಯೂಟರ್, ಒಂದೊಂದಕ್ಕೆ ಒಂದೊಂದು ಊರಿನ ಗೊಂಬೆ. ಗೊಂಬೆ ತನ್ನಷ್ಟಕ್ಕೆ ತಾನು ಓಡಾಡಿಕೊಂಡಿರುತ್ತದೆ. ಏನಾದರೂ ತಿಳಿಯದಿದ್ದರೆ ನಮ್ಮ ಪರದೆ ಕೆಂಪಾಗುತ್ತದೆ. ಆಗ ನಾವು ಅದರ ಕಣ್ಣಿನಿಂದ ನೋಡಿ, ಅದರ ಕಿವಿಯಿಂದ ಕೇಳಿ, ಗಾಲಿ ತಿರುಗಿಸಿ ಪಾರು ಮಾಡಬೇಕು. ಆದರೆ ಮಾತಾಡುವ ಹಾಗಿಲ್ಲ. ಮಾತಿಗೆ ಆರು ಬಟನ್ ಇವೆ. ನಮಸ್ಕಾರ, ದಾರಿ ಬಿಡಿ, ಬಿಲ್ ಕೌಂಟರ್ ಆ ಕಡೆ, ಇಂಥವು. ಒತ್ತಿದರೆ ಯಾವಳೋ ಒಬ್ಬಳು ಮರಾಠಿಯಲ್ಲಿ ಬೆಲ್ಲ ಬಾಯಲ್ಲಿಟ್ಟುಕೊಂಡು ಮಾತಾಡುತ್ತಾಳೆ. ನಮ್ಮ ಸ್ವಂತ ದನಿಗೆ ಬೇರೆ ಒಂದು ಕೆಂಪು ಬಟನ್ ಇದೆ, ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಳ.

"ಅಂಗಡಿಗೆ ಬೆಂಕಿ ಬಿದ್ರ ಅಷ್ಟ ಇದನ್ನ ಒತ್ತಬೇಕ್ರಿ," ಎಂದು ನಮ್ಮ ಸೂಪರ್‌ವೈಸರ್ ಸರ್ಫರಾಜ ಮೊದಲ ದಿನವೇ ಹೇಳಿದ್ದರು. "ಸುಮ್‌ಸುಮ್ಮನ ಒತ್ತಿದವರು ಮರುದಿನ ಕೆಲಸಕ್ಕ ಬರೂದ ಬ್ಯಾಡ. ನಮ್ಮ ಮುದ್ದೇಬಿಹಾಳದ ಬಾಯಿ ಕೇಳಿದ್ರ ಪುಣೆ ಗಿರಾಕಿ ಚಪ್ಪಲಿ ಬಿಟ್ಟ ಓಡತಾರ."

ನನ್ನ ಬಾಯಿಯ ಬಗ್ಗೆ ಅವರಿಗೆ ಯಾರು ಹೇಳಿದ್ದರೋ. ಬಾಯಿಂದಲೇ ಮನೆ ಮುರಿದವಳು ನಾನು.

ಜುಲೈ ತಿಂಗಳ ಒಂದು ಭಾನುವಾರ ಪರದೆ ಕೆಂಪಾಯಿತು. 'ಅನುಮಾನ. ಗಂಡಸು. ಹೆಂಗಸರ ವಿಭಾಗದಲ್ಲಿ ಹನ್ನೊಂದು ನಿಮಿಷ. ಖರೀದಿ ಇಲ್ಲ.' ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗೊಂಬೆಯನ್ನು ಭರ್ರನೆ ಓಡಿಸಿದೆ. ಕುಪ್ಪಸದ ಖಣಗಳ ಕಪಾಟಿನ ಮುಂದೆ ಒಬ್ಬ ಬೆನ್ನು ಮಾಡಿ ನಿಂತಿದ್ದ, ಕೈಯಲ್ಲಿ ಕೆಂಪು ದಡಿಯ ಹಸಿರು ಖಣ. ಒಂಟಿ ಕಾಲ ಮೇಲೆ ನಿಂತು, ಇನ್ನೊಂದು ಪಾದವನ್ನು ಮೊಣಕಾಲಿಗೆ ಆನಿಸಿದ್ದ, ಕುರಿ ಕಾಯುವವರು ಕೋಲೂರಿ ನಿಲ್ಲುವ ಹಾಗೆ. ಅಂಥ ಫಳಫಳ ಹೊಳೆಯುವ ಅಂಗಡಿಯಲ್ಲಿ ಹಾಗೆ ಯಾರು ನಿಲ್ಲುತ್ತಾರೆ? ನನ್ನ ತವರೂರು ಮಸೂತಿಯ ಹೊಲದ ಬದುವಿನ ಮೇಲೆ ಹಾಗೆ ನಿಲ್ಲುತ್ತಿದ್ದವನು ನನ್ನ ಅಣ್ಣ ಸಿದ್ಧರಾಮ.

ಅವನು ತಿರುಗಿದ. ಕೂದಲು ತೆಳ್ಳಗಾಗಿತ್ತು, ಗಲ್ಲ ಒಳಗೆ ಹೋಗಿತ್ತು. ಐದು ವರ್ಷದ ಮೇಲೆ ಅಣ್ಣನ ಮುಖ ನನ್ನಿಂದ ಒಂದು ಮೊಳ ದೂರದಲ್ಲಿತ್ತು. ಗೊಂಬೆ ತನ್ನನ್ನು ಕಳ್ಳನೆಂದು ತಿಳಿದಿದೆ ಎಂದು ಗೊತ್ತಾಗಿ ನಾಚಿಕೊಂಡ. ಖಣವನ್ನು ಮಡಿಕೆ ಮುರಿಯದ ಹಾಗೆ ಇಟ್ಟ, ಹೊರಟುಹೋದ.

ಪರದೆಯ ಮೇಲೆ 'ಅನುಮಾನ ನಿಜವೇ?' ಎಂಬ ಪ್ರಶ್ನೆ ಮೂಡಿತು. ಇಲ್ಲ ಎಂದು ಒತ್ತಿದೆ. ಕದಿಯಲು ನಿಂತವನೂ ನೆನೆಸಿಕೊಂಡು ನಿಂತವನೂ ಯಂತ್ರಕ್ಕೆ ಒಂದೇ ಥರ ಕಾಣುತ್ತಾರೆ. ಪ್ರತಿ ಪಂಚಮಿಗೆ ನನಗೆ ಹಸಿರು ಖಣ ತಂದುಕೊಡುತ್ತಿದ್ದವನು ಅವನು.

ಅಣ್ಣ ಪುಣೆಗೆ ಕ್ರೇನ್ ನಡೆಸಲು ಹೋಗಿದ್ದ. ಇತ್ತ ನಾವು ಇಂಡಿ ತಾಲೂಕಿನ ಹೊರ್ತಿಯಲ್ಲಿ ಅವನಿಗೆ ಹೆಣ್ಣು ಗೊತ್ತು ಮಾಡಿ, ಹಿರಿಯರ ಮುಂದೆ ಸಕ್ಕರೆ ಹಂಚಿ ಬಂದಿದ್ದೆವು. ಅವನನ್ನು ಒಂದು ಮಾತು ಕೇಳಬೇಕಿತ್ತೆಂದು ಯಾರಿಗೂ ಹೊಳೆದಿರಲಿಲ್ಲ. ಎಂಟು ದಿನಕ್ಕೆ ಅವನ ಫೋನು ಬಂತು. ನಾನಿನ್ನೂ ತವರಿನಲ್ಲೇ ಇದ್ದೆ.

"ಭಾಗ್ಯಾ, ನಾ ಇಲ್ಲೇ ಒಬ್ಬಾಕಿ ಜೋಡಿ ಲಗ್ನ ಆಗೇನಿ. ಅವ್ವಗ ನೀನ ಹೇಳು. ಕರಕೊಂಡ ಬರ್ತೇನಿ. ಆಕಿ ಹೆಸರು..."

ಹೆಸರು ಹೇಳಲೂ ನಾನು ಬಿಡಲಿಲ್ಲ. "ಆಕಿನ್ನ ಕರಕೊಂಡ ನಮ್ಮ ಹೊಸ್ತಲಾ ತುಳದಿ ಅಂದ್ರ ನೋಡು! ನಿನಗ ತಂಗಿನೂ ಇಲ್ಲ, ಅವ್ವನೂ ಇಲ್ಲ," ಎಂದುಬಿಟ್ಟೆ. ಅವನು "ಆತವಾ" ಎಂದ. ಆ ನಂಬರು ಮತ್ತೆ ಹತ್ತಲಿಲ್ಲ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ನಮ್ಮ ಅವ್ವ ಸುಂದರವ್ವ ಈಗ ನನ್ನ ಹತ್ತಿರವೇ ಇದ್ದಾಳೆ. ಒಂದು ದಿನವೂ ನನ್ನನ್ನು ಬೈದಿಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತ ಒಮ್ಮೊಮ್ಮೆ "ಆ ಹುಡುಗಿ ಹೆಸರರ ಏನಿತ್ತೋ" ಎನ್ನುತ್ತಾಳೆ, ಅಷ್ಟೇ. ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ನಮ್ಮಲ್ಲಿ ಅಣ್ಣ ಹೊಸ ಹೆಂಡತಿಯನ್ನು ಕರೆತಂದಾಗ ತಂಗಿ ಬಾಗಿಲು ತಡೆಯಬೇಕು. ಹೊಸ್ತಿಲ ಮೇಲೆ ಎರಡೂ ಕೈ ಚಾಚಿ ನಿಂತು, ನಿಮಗೆ ಹೆಣ್ಣು ಹುಟ್ಟಿದರೆ ನನ್ನ ಮಗನಿಗೆ ಕೊಡುತ್ತೀರೋ ಇಲ್ಲವೋ ಎಂದು ಜಗಳ ತೆಗೆಯಬೇಕು. ಈಗ ನಿಜವಾಗಿ ಕೊಡುವವರೂ ಇಲ್ಲ, ತರುವವರೂ ಇಲ್ಲ. ಆದರೂ ಮಾತು ಕೊಡದೆ ಒಳಗೆ ಬಿಡುವ ಹಾಗಿಲ್ಲ. ಮಾತು ಕೊಟ್ಟ ಮೇಲೆ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹೇಳಬೇಕು. ಆ ದಿನಕ್ಕಾಗಿ ನಾನು ಪರಕಾರ ಉಡುವ ಚಿಕ್ಕ ವಯಸ್ಸಿನಿಂದ ಕಾದವಳು. ಆಟದಲ್ಲಿ ನೂರು ಸಲ ಅಣ್ಣನನ್ನು ತಡೆದಿದ್ದೆ. ಅವನು ಎಡಕ್ಕೆ ನುಗ್ಗಿದರೆ ಎಡಕ್ಕೆ, ಬಲಕ್ಕೆ ನುಗ್ಗಿದರೆ ಬಲಕ್ಕೆ. ನಿಜವಾದ ದಿನ ಬಂದಾಗ ಮಾತ್ರ ಬಾಗಿಲನ್ನೇ ಮುಚ್ಚಿಬಿಟ್ಟೆ.

ಭಾನುವಾರದ ಪಾಳಿ ಯಾರಿಗೂ ಬೇಡ. ನಾನೇ ಕೇಳಿ ಹಾಕಿಸಿಕೊಂಡೆ. "ಯಾಕ್ರಿ, ಮನ್ಯಾಗ ಜಗಳಾ ಮಾಡೀರೇನು?" ಎಂದು ಸರ್ಫರಾಜ ನಕ್ಕರು. ಮೂರು ಭಾನುವಾರ ಒಳಗೆ ಬರುವ ಗಂಡಸರ ಕಾಲನ್ನೇ ನೋಡುತ್ತ ಕುಳಿತೆ. ಹೋಗಿ ಹುಡುಕೋಣವೆಂದರೆ ಪುಣೆಯೇನು ಮಸೂತಿಯೇ, ಸಿದ್ಧರಾಮನ ಮನೆ ಎಂದ ಕೂಡಲೇ ಯಾರಾದರೂ ಬೆರಳು ಮಾಡಿ ತೋರಿಸಲು? ಅವ್ವನಿಗೆ ಏನೂ ಹೇಳಲಿಲ್ಲ. ಹೇಳಿದರೆ ಅವಳೂ ನನ್ನ ಜೊತೆ ಕಾಯಲು ಶುರುಮಾಡುತ್ತಿದ್ದಳು. ಒಂದು ಮನೆಯಲ್ಲಿ ಒಬ್ಬರು ಕಾದರೆ ಸಾಕು.

ನಾಲ್ಕನೆಯ ಭಾನುವಾರ ಗಾಜಿನ ಬಾಗಿಲಿನಾಚೆ ಅಣ್ಣ ಬಂದ. ಹೆಗಲ ಮೇಲೆ ಮೂರು ವರ್ಷದ ಹೆಣ್ಣುಕೂಸು. ಪಕ್ಕದಲ್ಲಿ ಛತ್ರಿ ಮಡಚುತ್ತಿದ್ದ ಒಬ್ಬಳು, ಕುಳ್ಳಗೆ, ದುಂಡಗೆ. ಅಣ್ಣನ ಹೆಂಡತಿ, ನನ್ನ ವೈನಿ! ಪರದೆ ಕೆಂಪಾಗಿರಲಿಲ್ಲ, ನನಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಆದರೂ ಗೊಂಬೆಯನ್ನು ನನ್ನ ಕೈಗೆ ತೆಗೆದುಕೊಂಡೆ. ಬಾಗಿಲ ನಟ್ಟನಡುವೆ ತಂದು ನಿಲ್ಲಿಸಿ ಅದರ ಎರಡೂ ಕೈ ಚಾಚಿಸಿದೆ.

"ಏ, ಬಾಜೂಲಾ ಹೋ!" ಎಂದು ಅವಳು ಮರಾಠಿಯಲ್ಲಿ ಗದರಿದಳು, ಪಕ್ಕಕ್ಕೆ ಸರಿ ಎಂದು. ಬಾಯಿ ಜೋರಿತ್ತು. ನನಗೆ ಆ ಕ್ಷಣವೇ ಸೇರಿದಳು.

ಅಣ್ಣ ಎಡಕ್ಕೆ ಸರಿದ. ನಾನೂ ಎಡಕ್ಕೆ. ಅವನು ಬಲಕ್ಕೆ. ನಾನೂ ಬಲಕ್ಕೆ. ಕೂಸು ಕಿಲಕಿಲ ನಕ್ಕಿತು. ಅಣ್ಣನಿಗೂ ನಗು ತಡೆಯಲಾಗಲಿಲ್ಲ. ಕೂಸಿನ ಜೊತೆ ಅವನು ನಮ್ಮ ಮಾತೇ ಆಡುತ್ತಿದ್ದ.

"ನೋಡ ಇಲ್ಲೆ, ಇದು ನಿಮ್ಮ ಅತ್ತಿ ಇದ್ದಂಗ ಐತಿ. ಆಕಿನೂ ಹಿಂಗ ಅಡ್ಡ ನಿಲ್ತಿದ್ಲು," ಎಂದು ಗೊಂಬೆಯ ಕಡೆ ತಿರುಗಿದ. "ಏನ ಕೊಟ್ರ ಬಿಡ್ತಿಯವಾ? ಹೆಣ್ಣ ಕೊಡ್ಲೇನು? ಕೊಟ್ಟೆ ತಗೋ. ಬಿಡ ಇನ್ನ."

ಮಾತು ಕೊಟ್ಟೇಬಿಟ್ಟ! ಮುದ್ದೇಬಿಹಾಳದಲ್ಲಿ ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಆದರೆ ಅವನು ಕೊಟ್ಟದ್ದು ಒಂದು ಯಂತ್ರಕ್ಕೆ, ನನಗಲ್ಲ. ನಗುತ್ತ ನಗುತ್ತಲೇ ಅವನ ಮುಖ ಸಣ್ಣದಾಯಿತು.

"ನಿಮ್ಮ ಅತ್ತಿ ನಮಗ ಬಾಗಲಾ ತಡೀಲೇ ಇಲ್ಲ. ಬರೂದ ಬ್ಯಾಡ ಅಂದ್ಲು," ಎಂದು ಕೂಸಿಗೆ ಮೆಲ್ಲಗೆ ಹೇಳಿದ. ಆಮೇಲೆ ಹೆಂಡತಿಯ ಕೈ ಹಿಡಿದು, "ನಡಿ, ಬ್ಯಾರೆ ಅಂಗಡಿಗೆ ಹೋಗೂಣು," ಎಂದು ಬೆನ್ನು ತಿರುಗಿಸಿದ.

ಗೊಂಬೆ ಬಾಗಿಲು ದಾಟುವ ಹಾಗಿಲ್ಲ. ಇನ್ನು ನಾಲ್ಕು ಹೆಜ್ಜೆ ಇಟ್ಟರೆ ಅಣ್ಣ ರಸ್ತೆಯ ಜನರೊಳಗೆ ಸೇರಿಹೋಗುತ್ತಿದ್ದ. ಎರಡನೆಯ ಸಲವೂ ಅವನನ್ನು ಬಾಗಿಲಿಂದ ತಿರುಗಿ ಕಳಿಸಿದವಳು ನಾನೇ ಆಗುತ್ತಿದ್ದೆ. ಆರು ಬಟನ್‌ಗಳನ್ನೂ ನೋಡಿದೆ. ನನಗೆ ಬೇಕಾದ ಮಾತು ಒಂದರಲ್ಲೂ ಇರಲಿಲ್ಲ. ಮುಚ್ಚಳ ಎತ್ತಿ ಕೆಂಪು ಬಟನ್ ಒತ್ತಿದೆ.

"ಮಾತ ಕೊಟ್ಟ ಎಲ್ಲಿಗೆ ಹೊಂಟಿಯೋ ಅಣ್ಣಾ? ಹೆಸರ ಹೇಳಿ ಒಳಗ ಬಾ!"

ಇಡೀ ಅಂಗಡಿಗೆ ಕೇಳಿಸಿತು. ಗಿರಾಕಿಗಳು ಯಾರೂ ಚಪ್ಪಲಿ ಬಿಟ್ಟು ಓಡಲಿಲ್ಲ. ಇತ್ತ ನಮ್ಮ ಕೋಣೆಯಲ್ಲಿ ಸರ್ಫರಾಜ ಕುರ್ಚಿ ಬಿಟ್ಟು ಎದ್ದರು. "ಭಾಗ್ಯಾ ಅವರ, ಬೆಂಕಿ ಬಿದ್ದೈತೇನ್ರಿ ಅಲ್ಲೆ?"

"ಹೌದ್ರಿ. ಆರಸಾಕತ್ತೇನಿ," ಎಂದೆ. ಬಟನ್ ಮೇಲಿನ ಬೆರಳು ತೆಗೆಯಲಿಲ್ಲ. ಅವರು ನನ್ನ ಮುಖ ನೋಡಿದರು, ಪರದೆ ನೋಡಿದರು, ಮತ್ತೆ ಕುರ್ಚಿಯಲ್ಲಿ ಕುಳಿತರು.

ಅಣ್ಣ ನಿಂತಿದ್ದ. ಅವನು ತಿರುಗುವಷ್ಟರಲ್ಲಿ ನನಗೆ ಐದು ವರ್ಷ ಇನ್ನೊಮ್ಮೆ ಕಳೆದ ಹಾಗಾಯಿತು. ಹತ್ತಿರ ಬಂದು ಗೊಂಬೆಯ ಕಣ್ಣಿಗೆ ಕಣ್ಣಿಟ್ಟು ನೋಡಿದ.

"ಭಾಗ್ಯಾ? ಎಲ್ಲಿದ್ದಿಯವಾ ನೀ?"

"ಮೊದಲ ಹೆಸರ ಹೇಳು," ಎಂದೆ. "ಇಲ್ಲಾಂದ್ರ ಬಿಡೂದುಲ್ಲ ನಾ."

ಅವನು ಕೂಸಿನ ಫ್ರಾಕಿನ ಅಂಚಿನಿಂದ ಕಣ್ಣು ಒರೆಸಿಕೊಂಡ. ಏನೂ ತಿಳಿಯದೆ ನಿಂತಿದ್ದ ಹೆಂಡತಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಹೊಸ ಮದುಮಗನ ಹಾಗೆ ತಲೆ ತಗ್ಗಿಸಿದ.

"ರಾಜಶ್ರೀ," ಎಂದ.

ಮನೆಗೆ ಹೋದ ಕೂಡಲೇ ಅವ್ವನಿಗೆ ಹೇಳಬೇಕಲ್ಲ, ನಾನೂ ಆ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿದೆ. ಆಮೇಲೆ ಗೊಂಬೆಯ ಎರಡೂ ಕೈ ಇಳಿಸಿ ಬಾಗಿಲು ಬಿಟ್ಟೆ.