ಊಟ ಆತೇನಂತ ಕೇಳು

"ತಂತಿ ನೀನ ಬಿಚ್ಚತೀಯೋ, ನಾನ ಕೊಯ್ಯಲೋ?"

ಪಕ್ಕದ ಮನೆಯ ಶಿವಗಂಗವ್ವ ಕುಡಗೋಲು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ವಜೀರ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ, ಸ್ವಲ್ಪ ತಡೆಯಿರಿ ಎಂಬಂತೆ ಕೈ ಎತ್ತಿದ. ಅವನ ಮುಖ ಅರಳಿದ್ದನ್ನು ಕಂಡು ಹೆಂಡತಿ ನಸೀರಾ ಬೇಗ ಮಣೆ ತಂದಿಟ್ಟಳು. "ಕೂಡ್ರಿ ಅಕ್ಕಾ. ಯಾರೋ ಸಿಕ್ಕಾರ."

ತಂತಿ ಶಿವಗಂಗವ್ವನ ಹಿತ್ತಲ ಮಾವಿನ ಮರದಿಂದ ವಜೀರನ ಮನೆಯ ಹಂಚಿನ ಮೇಲೆ ಹಾದು ಒಳಗಿನ ರೇಡಿಯೋಕ್ಕೆ ಇಳಿದಿತ್ತು. ಕಟ್ಟುವಾಗ ಅವಳೇ ಒಪ್ಪಿದ್ದಳು. ಆದರೆ ಆಮೇಲೆ ಎಮ್ಮೆಯ ಹಾಲು ಕಡಿಮೆಯಾಗಿತ್ತು. ಗಾಳಿಯಲ್ಲಿ ತಿರುಗುವ ಮಾತೆಲ್ಲ ತಂತಿಗೆ ಬಡಿದು ಕೆಳಗಿನ ಎಮ್ಮೆಯ ಮೈ ಸೇರುತ್ತದೆ ಎಂದು ಅವಳು ನಂಬಿದ್ದಳು.

ವಜೀರ ದಾಂಡೇಲಿಯ ಕಟ್ಟಿಗೆ ಮಿಲ್ಲಿನಲ್ಲಿ ಮಿಸ್ತ್ರಿ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಗಡಿಗೆ ಹೋಗಿ, ಗುಂಡಿ ಒತ್ತಿ ಟಕ್ ಟಕ್ ಎಂದು ವೈರ್‌ಲೆಸ್ ಸಂದೇಶ ಕಳಿಸುವ ಕೆಲಸ ಮಾಡಿ ಬಂದವನು. ಅಲ್ಲಿ ಕಳಿಸಿದ್ದೆಲ್ಲ ಗುಪ್ತ ಅಂಕಿಗಳು. ಯಾರು ಸತ್ತರು, ಯಾರು ಉಳಿದರು ಎಂಬುದು ಕಳಿಸಿದ ಅವನಿಗೇ ಗೊತ್ತಾಗುತ್ತಿರಲಿಲ್ಲ. ಊರಿಗೆ ಬಂದ ಮೇಲೆ ಲೈಸೆನ್ಸು ಪಡೆದು, ದಂಡಿನವರು ಮಾರಿದ ಹಳೆಯ ಸೆಟ್ಟು ರಿಪೇರಿ ಮಾಡಿಕೊಂಡು, ರವಿವಾರ ಬೆಳಿಗ್ಗೆ ದೂರ ದೂರದ ದೇಶಗಳನ್ನು ಕರೆಯುತ್ತ ಕೂರುತ್ತಿದ್ದ. ಕೊಲಂಬೊ ಸಿಕ್ಕಿತ್ತು, ಸಿಂಗಾಪುರ ಸಿಕ್ಕಿತ್ತು. ನ್ಯೂಜಿಲೆಂಡ್ ಸಿಕ್ಕಿದ್ದು ಇವತ್ತೇ.

"ಯಾವೂರಾಂವ?" ಎಂದಳು ಶಿವಗಂಗವ್ವ.

"ಭೂಮಿ ಆ ತುದಿಯಾಂವ ರೀ. ನಿನ್ನ ಸದ್ದು ಚಲೋ ಕೇಳಸ್ತೈತಿ ಅಂದ. ನಿಂದೂ ಕೇಳಸ್ತೈತಿ ಅಂದೆ. ಆತು, ಮುಗೀತು."

"ಇಷ್ಟಕ್ಕ ಇಷ್ಟ ದಿನಾ ಕುಂತಿದ್ಯಾ? ಊಟ ಆತೇನಂತ ಕೇಳು."

ವಜೀರ ನಕ್ಕ. ಆಮೇಲೆ ಗುಂಡಿಯ ಮೇಲೆ ಬೆರಳಿಟ್ಟ. ಇಷ್ಟು ವರ್ಷದಲ್ಲಿ ಈ ಮಾತನ್ನು ಅವನು ಯಾರಿಗೂ ಕಳಿಸಿರಲಿಲ್ಲ. ಕಳಿಸಿದ. ಕೀಚು ಕೀಚು ಎಂದು ಉತ್ತರ ಬಂತು.

"ಈಗ ಉಣ್ಣಾಕತ್ತಾನಂತ. ಎಡಗೈಯಾಗ ಬ್ರೆಡ್ಡು, ಬಲಗೈಲೆ ಮಾತು. ಅರ್ನೆಸ್ಟ್ ಅಂತ ಹೆಸರು. ಆಕಳ ಸಾಕ್ಯಾನ."

"ಹೊತ್ತು ಹೊಂಡೂದ್ರಾಗ ಊಟಾ?"

"ಅಲ್ಲಿ ಆಗಲೇ ಮಧ್ಯಾಹ್ನ ರೀ ಅಕ್ಕಾ."

ಶಿವಗಂಗವ್ವ ಕುಡಗೋಲು ಕೆಳಗಿಟ್ಟು ಮಣೆಯ ಮೇಲೆ ಕುಳಿತಳು. "ಆಕಳ ಸಾಕ್ಯಾನಂದ್ರ ಅವಗ ಗೊತ್ತಿರ್ತೈತಿ. ತಂತಿ ಕೆಳಗ ಕಟ್ಟಿದ್ರ ಹಾಲು ಕಡಿಮಿ ಆಗ್ತಾವೇನು, ಕೇಳು."

ವಜೀರ ಕೇಳಿದ. ಉತ್ತರ ಶುರುವಾಯಿತು. ಅಷ್ಟರಲ್ಲೇ ಸದ್ದು ತೆಳುವಾಗಿ, ಗರಗರದೊಳಗೆ ಮುಳುಗಿತು. ತಿರುಪು ಅತ್ತಿತ್ತ ತಿರುವಿದರೂ ಸಿಗಲಿಲ್ಲ. ಶಿವಗಂಗವ್ವ ಅವನ ಬಾಯನ್ನೇ ನೋಡುತ್ತಿದ್ದಳು. ಕಡಿಮೆಯಾಗುವುದಿಲ್ಲವಂತೆ ಎಂದುಬಿಟ್ಟರೆ ತಂತಿ ಉಳಿಯುತ್ತಿತ್ತು. ಹಾಗೆ ಹೇಳೆಂದು ನಸೀರಾ ಹಿಂದಿನಿಂದ ಕಣ್ಣು ಮಾಡಿದಳು.

ವಜೀರ ಹೆಡ್‌ಫೋನು ತೆಗೆದ. "ಮುಳುಗಿ ಹೋತ್ರಿ ಅಕ್ಕಾ. 'ನಮ್ಮ ಆಕಳು' ಅಂದ. ಮುಂದಿಂದು ಕೇಳಲಿಲ್ಲ."

"ಏನರ ಒಂದು ಹೇಳಬಹುದಿತ್ತಲ್ಲ. ನನಗೇನು ತಿಳೀತಿತ್ತು?"

"ಅಂವ ಅನ್ನದ್ದು ನಾ ಹೆಂಗ ಹೇಳ್ಲಿ ರೀ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನಸೀರಾ ಕೊಟ್ಟ ಚಹಾವನ್ನು ಬಸಿಗೆ ಸುರಿದು ನಿಧಾನವಾಗಿ ಕುಡಿದಳು.

"ಮತ್ತ ಸಿಗ್ತಾನೇನು?"

"ಸಿಗಬಹುದು. ಯಾವ ರವಿವಾರಂತ ಹೇಳಾಕ ಬರೂದಿಲ್ಲ."

"ಮಾತು ಅರ್ಧಕ್ಕ ಬಿಟ್ಟಾನ," ಎನ್ನುತ್ತ ಅವಳು ಎದ್ದಳು. "ಪೂರಾ ಕೇಳೂ ತನಕಾ ಇರ್ಲಿ. ಸಿಕ್ಕಾಗ ನನ್ನ ಕರಿ."

ವಜೀರ ಕಿಟಕಿಯಿಂದ ನೋಡಿದ. ಶಿವಗಂಗವ್ವ ತಂತಿಯ ಕೆಳಗಿದ್ದ ಎಮ್ಮೆಯನ್ನು ಬಿಚ್ಚಿ ದೂರ ಬೇಲಿಯ ಕಡೆಗೆ ಕಟ್ಟಿದಳು. ಅದಕ್ಕೊಂದು ಹಿಡಿ ಹಸಿ ಹುಲ್ಲು ಹಾಕಿದಳು. ಆಮೇಲೆ ಮರದ ಬುಡಕ್ಕೆ ಬಂದು, ಮುಖ ಮೇಲೆತ್ತಿ, ತಂತಿಗೆ ಕಿವಿಗೊಟ್ಟು ನಿಂತಳು.