ನಾಲ್ಕು ಚೀಲದ ಜೀವಿ

ಅಕ್ಕ ಹದಿನೇಳು ವರ್ಷದಿಂದ ಹಾಡುಹಕ್ಕಿಗಳ ಹಿಕ್ಕೆ ನೋಡುತ್ತಿದ್ದಳು. ಅದೇ ಅವಳ ಕೆಲಸ, ಅದಕ್ಕೇ ಸಂಬಳ. ನೆಂಟರ ಪೈಕಿ ಯಾರಾದರೂ "ಏನು ಮಾಡ್ತೀಯಮ್ಮ ಆಫೀಸಲ್ಲಿ?" ಎಂದು ಕೇಳಿದರೆ ಅವಳು ಬಾಯಿ ತೆರೆಯುವ ಮೊದಲೇ ತಮ್ಮ ಉತ್ತರ ಕೊಟ್ಟುಬಿಡುತ್ತಿದ್ದ: "ಹಕ್ಕಿ ಹಾಡ್ತದಲ್ಲ, ಆ ಕಡೆ ನಮ್ಮಕ್ಕ ಹೋಗಲ್ಲ. ಇನ್ನೊಂದು ಕಡೆ ಅವಳದು."

ಈ ತಮ್ಮನೋ, ಅಂಗಡಿಗಳಿಗೆ ಬೋರ್ಡು ಬರೆಯುವವನು. ಅವನನ್ನು ಪ್ರಯೋಗಾಲಯಕ್ಕೆ ಕರೆಸಿಕೊಳ್ಳುವ ಗ್ರಹಚಾರ ಅಕ್ಕನಿಗೆ ಬಂದದ್ದು ಅಲ್ಲಿನ ಚಿತ್ರಕಾರ ನಿವೃತ್ತನಾದಾಗ. ಅಕ್ಕ ಹಿಕ್ಕೆಯಲ್ಲಿ ಹುಡುಕುತ್ತಿದ್ದದ್ದು ಹಕ್ಕಿಯ ಕರುಳಲ್ಲಿ ಬೆಳೆಯುವ ಪರಾವಲಂಬಿಗಳನ್ನು; ಅವುಗಳ ಕೋಶ ಗುಂಡಗೆ, ಮೊಟ್ಟೆಯ ಹಾಗೆ ಇರುತ್ತದೆ. ಅದರ ಒಳಗಿನದೆಲ್ಲ ಒಂದೇ ಫೋಟೋದಲ್ಲಿ ಸ್ಪಷ್ಟವಾಗಿ ಸಿಗುವುದಿಲ್ಲ; ಮೇಲಿನದು ಕಂಡರೆ ಕೆಳಗಿನದು ಮಸುಕು. ಹಾಗಾಗಿ ವಿಜ್ಞಾನ ಪತ್ರಿಕೆಯವರು ಇಂದಿಗೂ ಪೆನ್ನಿನಲ್ಲಿ ಬರೆದ ಚಿತ್ರವನ್ನೇ ಕೇಳುತ್ತಾರೆ.

ಮೊದಲ ದಿನ ಅಕ್ಕ ಸೂಕ್ಷ್ಮದರ್ಶಕದಡಿ ಹಿಕ್ಕೆ ಸವರಿದ ಒಂದು ಗಾಜಿನ ಪಟ್ಟಿ ಇಟ್ಟಳು. "ಇದು ಕೋಳಿಯದು. ಎಷ್ಟೋ ಜನ ಬರೆದು ಬಿಟ್ಟಿರೋದು, ಕೆಟ್ಟರೂ ಪರವಾಗಿಲ್ಲ. ಇದರಲ್ಲಿ ಕೈ ಪಳಗಿಸ್ಕೋ."

ತಮ್ಮ ಬರೆದ. ಕೋಶಕ್ಕೆ ನೆರಳು, ಅಂಚಿಗೆ ಹೊಳಪು, ಮೂಲೆಯಲ್ಲಿ ತನ್ನ ಸಹಿ.

"ಇದೇನು ಮಿಠಾಯಿ ಅಂಗಡಿ ಬೋರ್ಡಾ?"

"ನೋಡಿದವರಿಗೆ ತಗೊಳ್ಳೋಣ ಅನ್ನಿಸಬೇಕಲ್ಲ, ಅಕ್ಕಾ."

"ಇದನ್ನ ಯಾರೂ ತಗೊಳ್ಳಲ್ಲ! ಕಂಡಷ್ಟು ಬರಿ. ಕಂಡಿದ್ದಕ್ಕಿಂತ ಒಂದು ಗೆರೆ ಜಾಸ್ತಿ ಬೇಡ."

ಹತ್ತು ದಿನ ಅವನು ಆ ಕೋಳಿಯದನ್ನೇ ಬರೆದ. ಕೋಶದೊಳಗೆ ನಾಲ್ಕು ಚೀಲ, ಚೀಲಕ್ಕೆ ಎರಡೆರಡು ಮರಿ. ಹಾಡುಹಕ್ಕಿಗಳಲ್ಲಿ ಲೆಕ್ಕ ಬೇರೆ: ಎರಡೇ ಚೀಲ, ಚೀಲಕ್ಕೆ ನಾಲ್ಕು ಮರಿ. ಅದೂ ಹೆಚ್ಚಾಗಿ ಹೊರಬೀಳುವುದು ಇಳಿಹೊತ್ತಿನಲ್ಲಿ. ಅದಕ್ಕೇ ಊರಾಚೆಯ ತೋಟದಲ್ಲಿ ಬಲೆ ಹಾಕುವವನು ಮೂರು ಗಂಟೆಯ ಮೇಲೆ ಹಕ್ಕಿ ಹಿಡಿದು, ಹಿಕ್ಕೆ ತೆಗೆದುಕೊಂಡು, ಹಾರಿಬಿಡುತ್ತಿದ್ದ.

ಹನ್ನೊಂದನೆಯ ದಿನ ಒಂದು ಹಸಿರು ಹಕ್ಕಿಯ ಗಾಜು ನೋಡುತ್ತಿದ್ದ ಅಕ್ಕ ಕನ್ನಡಿ ಸರಿಮಾಡಿ ಮತ್ತೊಮ್ಮೆ ನೋಡಿದಳು. ಎರಡು ಚೀಲದವುಗಳ ನಡುವೆ ನಾಲ್ಕು ಚೀಲದ್ದು! ಒಂದಲ್ಲ, ಹತ್ತಾರು. ಹಾಡುಹಕ್ಕಿಯಲ್ಲಿ ಇದು ಅಪರೂಪದಲ್ಲಿ ಅಪರೂಪ. ಕಪಾಟಿನ ಪುಸ್ತಕಗಳನ್ನೆಲ್ಲ ತಿರುವಿಹಾಕಿದಳು. ಯಾವ ಹಾಡುಹಕ್ಕಿಯಲ್ಲೂ ಇದೇ ಆಕಾರದ್ದನ್ನು ಯಾರೂ ಬರೆದಿರಲಿಲ್ಲ. ನಿರ್ದೇಶಕರ ಕೋಣೆಗೆ ಹೋಗಿ ಹೊಸ ಜೀವಿ ಸಿಕ್ಕಿತೆಂದು ಹೇಳಿಯೂ ಬಂದಳು. ಮಧ್ಯಾಹ್ನದ ಹೊತ್ತಿಗೆ ಅದಕ್ಕೊಂದು ಹೆಸರೂ ಸಿದ್ಧವಾಗಿತ್ತು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂದ ಹಾಗಾಯ್ತು" ಎಂದು ತಮ್ಮ ನಕ್ಕ.

"ಬಾಯಿ ಮುಚ್ಚಿಕೊಂಡು ಬರಿ."

ಅವನು ಕಣ್ಣಿಟ್ಟು ಕೂತ. ಪೆನ್ನು ಎಂದಿನಂತೆ ತಡವರಿಸಲಿಲ್ಲ, ಸರಸರ ಓಡಿತು. ಅರ್ಧಕ್ಕೆ ನಿಂತ.

"ಅಕ್ಕಾ, ಇದನ್ನ ಬರೆದಾಯ್ತಲ್ಲ?"

"ಯಾವಾಗ? ಇವತ್ತು ತಾನೇ ಸಿಕ್ಕಿದ್ದು."

"ಹತ್ತು ದಿನದಿಂದ ಬರೀತಾ ಇರೋದು ಇದನ್ನೇ. ಕೈಗೆ ಗೊತ್ತಾಗಿಬಿಟ್ಟಿದೆ ನೋಡು. ಇದು ನಿನ್ನ ಕೋಳಿ."

ಅಕ್ಕನಿಗೆ ಮೈ ಉರಿಯಿತು. ಡಾಕ್ಟರೇಟು ಮಾಡಿದವಳು ಅವಳು. ಹೋಟೆಲಿನ ಹೆಸರಿಗೆ ಒತ್ತಕ್ಷರ ಮರೆತು ಎರಡು ಸಲ ಬೋರ್ಡು ಬರೆದವನು ಇವನು. "ನಿನಗೇನು ಗೊತ್ತು, ಮನೆಗೆ ಹೋಗು" ಎಂದು ಗದರಿ ಕಳಿಸಿದಳು. ಅವನು ಬಾಗಿಲು ದಾಟಿದ್ದೇ ತಡ, ಕೋಳಿಯ ಗಾಜನ್ನು ಕೈಗೆತ್ತಿಕೊಂಡಳು. ಇದರದು ಐವತ್ತು, ಅದರದು ಐವತ್ತು ಕೋಶ ಅಳೆದಳು. ಉದ್ದ ಅದೇ, ಅಗಲ ಅದೇ, ಗೋಡೆಯ ದಪ್ಪವೂ ಅದೇ. ಹಾಡುಹಕ್ಕಿಯ ಪುಸ್ತಕಗಳನ್ನೆಲ್ಲ ಜಾಲಾಡಿದವಳು ಮೇಜಿನ ಮೇಲಿದ್ದ ಕೋಳಿಯನ್ನೇ ನೋಡಿರಲಿಲ್ಲ.

ಮರುದಿನ ತಮ್ಮನ ಸ್ಕೂಟರ್ ಹಿಂದೆ ಕೂತು ತೋಟಕ್ಕೆ ಹೋದಳು. ಬಲೆಯವನು ಹೆಮ್ಮೆಯಿಂದ ಜಾಗ ತೋರಿಸಿದ. ಬಲೆಗೆ ಎಂಟು ಹೆಜ್ಜೆ ಆಚೆ ಬೇಲಿ, ಬೇಲಿಯಾಚೆ ಕೋಳಿಗೂಡು. ಕೋಳಿಗಳು ಕಾಲಿಟ್ಟು ಕೆದಕಿ ಹಿಕ್ಕೆ ಹಾಕಿದ ಕಾಳಿನ ತೊಟ್ಟಿಯಲ್ಲಿ ನಾಲ್ಕೈದು ಹಸಿರು ಹಕ್ಕಿಗಳು ಮಾವನ ಮನೆಗೆ ಬಂದ ಅಳಿಯಂದಿರ ಹಾಗೆ ಕೂತು ತಿನ್ನುತ್ತಿದ್ದವು.

"ಇಲ್ಲಿ ಯಾಕಪ್ಪ ಬಲೆ ಹಾಕಿದೆ?"

"ಇಲ್ಲಿಗೇ ಬರ್ತಾವಲ್ಲ ಮೇಡಂ, ಬೇರೆ ಕಡೆ ದಿನವಿಡೀ ಕಾಯಬೇಕು."

ತಮ್ಮ ಆಕಾಶ ನೋಡುತ್ತಾ ನಿಂತ. ಅವನ ಭುಜ ಕುಲುಕುತ್ತಿತ್ತು.

ಆದರೂ ಅಕ್ಕ ಪರೀಕ್ಷಿಸದೆ ಬಿಡಲಿಲ್ಲ. ಆ ಸಂಜೆ ಬಲೆಗೆ ಬಿದ್ದ ಒಂದು ಹಕ್ಕಿಯನ್ನು ಶುದ್ಧ ಪಂಜರದಲ್ಲಿಟ್ಟು ಶುದ್ಧ ಕಾಳು ಹಾಕಿದಳು. ಮೊದಲ ದಿನದ ಹಿಕ್ಕೆಯಲ್ಲಿ ನಾಲ್ಕು ಚೀಲದವು ಇದ್ದವು. ಮೂರನೆಯ ದಿನ ಒಂದೂ ಇರಲಿಲ್ಲ. ಅದರ ಸ್ವಂತದ ಎರಡು ಚೀಲದವು ಮಾತ್ರ ಉಳಿದಿದ್ದವು. ಕೋಳಿಯದು ಹಕ್ಕಿಯ ಬಾಯಿಂದ ಒಳಗೆ ಹೋಗಿ, ಯಾರನ್ನೂ ಮಾತಾಡಿಸದೆ ಹಿಂದಿನ ಬಾಗಿಲಿಂದ ಹೊರಬಿದ್ದಿತ್ತು, ಅಷ್ಟೇ. ಹಕ್ಕಿಯನ್ನು ತೋಟದಲ್ಲೇ ಹಾರಿಬಿಟ್ಟಳು.

ನಿರ್ದೇಶಕರ ಕೋಣೆಗೆ ಮತ್ತೆ ಹೋದಳು. ನಡೆದದ್ದನ್ನೆಲ್ಲ ಹೇಳಿ ತಲೆ ತಗ್ಗಿಸಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ನಾನೂ ಒಮ್ಮೆ ಹಿಕ್ಕೆಯಲ್ಲಿದ್ದ ಹೂವಿನ ಪರಾಗವನ್ನ ಹೊಸ ಜೀವಿ ಅಂದ್ಕೊಂಡು ಹೆಸರಿಡೋಕೆ ಹೊರಟಿದ್ದೆ. ತಡೆಯೋಕೆ ನನಗೆ ತಮ್ಮ ಇರಲಿಲ್ಲ. ಇದನ್ನೇ ಬರೀರಿ, ಬೇರೆಯವರು ಎಡವದೆ ಇರಲಿ" ಎಂದರು.

ಮೂರು ಪುಟದ ಬರಹ ಅಚ್ಚಾಯಿತು. ಹಕ್ಕಿಯಲ್ಲಿ ಸಿಕ್ಕಿದ್ದು ಒಂದು ಕಡೆ, ಕೋಳಿಯದು ಇನ್ನೊಂದು ಕಡೆ, ಎರಡೂ ತಮ್ಮನೇ ಬರೆದ ಚಿತ್ರ. ಕೊನೆಯಲ್ಲಿ, ಹೋಲಿಕೆಯನ್ನು ಮೊದಲು ಗುರುತಿಸಿದವನೆಂದು ಅವನಿಗೆ ಕೃತಜ್ಞತೆ.

"ಇದನ್ನ ಎಷ್ಟು ಜನ ಓದ್ತಾರೆ?" ಎಂದು ಕೇಳಿದ ತಮ್ಮ.

"ಲೋಕದಲ್ಲೆಲ್ಲ ಸೇರಿ ಒಂದು ನಲವತ್ತು ಜನ."

"ನಲವತ್ತಾ! ನನ್ನ ಒಂದು ಬೋರ್ಡನ್ನ ಹತ್ತು ನಿಮಿಷಕ್ಕೆ ಅಷ್ಟು ಜನ ಓದ್ತಾರೆ."

"ನಿಜ. ಆದರೆ ಈ ನಲವತ್ತು ಜನ ನೀನು ಎಳೆದ ಒಂದೊಂದು ಗೆರೇನೂ ಎಣಿಸ್ತಾರೆ."

ತಮ್ಮನ ನಗೆ ನಿಂತಿತು. ಪತ್ರಿಕೆ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋಗಿ, ಬೆರಳಿಟ್ಟು, ಒಂದೊಂದಾಗಿ ಎಣಿಸತೊಡಗಿದ.